ಹಳೆಯ ಪಿಂಗಾಣಿ: ಅಂದವೂ ಆರೋಗ್ಯವೂ

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ವಸ್ತುಗಳನ್ನು ಅರಸುವವರಿಗೆ, ತಳದಲ್ಲಿ ‘ಐರನ್‌ಸ್ಟೋನ್’ ಎಂಬ ಮುದ್ರೆಯುಳ್ಳ ಇಂಗ್ಲೆಂಡಿನ ದಪ್ಪ ತಟ್ಟೆ, ಹೂಜಿ, ಬೋಗುಣಿಗಳು ಎದುರಾಗಬಹುದು. ಇದು ಲೋಹವಲ್ಲ, ಸುಟ್ಟ ಮಣ್ಣಿನ ಪಿಂಗಾಣಿಯೇ. ಹೆಸರು ಅದರ ಗಟ್ಟಿತನವನ್ನು ಸಾರುತ್ತದೆ. 1813ರಲ್ಲಿ ಸ್ಟಾಫರ್ಡ್‌ಶೈರಿನ ಚಾರ್ಲ್ಸ್ ಜೇಮ್ಸ್ ಮೇಸನ್ ಇದಕ್ಕೆ ಪೇಟೆಂಟ್ ಪಡೆದನು. ದುಬಾರಿಯಾದ ಚೀನೀ ಪಿಂಗಾಣಿಯ ಸೊಗಸನ್ನು ಸಾಮಾನ್ಯ ಕುಟುಂಬಗಳಿಗೆ ಎಟುಕಿಸಿದ್ದೇ ಇದರ ಹಿರಿಮೆ. ಹಾಲುಬಿಳುಪಿನ ಮೈ, ನೀಲಿ ಚಿತ್ತಾರ, ಕೈಗೆ ಒದಗುವ ಭಾರ ಇಂದಿಗೂ ಮನಸೆಳೆಯುತ್ತವೆ.

ಆದರೆ ಗೃಹಿಣಿಯರು ಒಂದು ಸಂಗತಿಯನ್ನು ಅರಿಯಬೇಕು. ಆ ಕಾಲದ ಪಿಂಗಾಣಿಯ ಮೆರುಗಿನಲ್ಲಿ ಸಾಮಾನ್ಯವಾಗಿ ಸೀಸವನ್ನು ಬಳಸುತ್ತಿದ್ದರು. ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿಗಳ ಹುಳಿಯು ಸೀಸವನ್ನು ಆಹಾರಕ್ಕೆ ಸೆಳೆಯಬಲ್ಲುದು. ಬಿಸಿಯೂ ದೀರ್ಘಕಾಲದ ಸಂಗ್ರಹವೂ ಅದನ್ನು ಹೆಚ್ಚಿಸುತ್ತವೆ. ಮೆರುಗು ಕೂದಲೆಳೆಯಂತೆ ಬಿರಿದಿದ್ದರೆ ಅಪಾಯ ಇನ್ನೂ ಅಧಿಕ. ಬಿರುಕಿನಲ್ಲಿ ಜಿಡ್ಡೂ ಸೂಕ್ಷ್ಮಜೀವಿಗಳೂ ನೆಲೆಸುತ್ತವೆ. ತೊಳೆದರೂ ಕುದಿಸಿದರೂ ಸೀಸದ ಭಯ ನಿವಾರಣೆಯಾಗದು.

ಸೀಸವು ರಕ್ತಹೀನತೆಯನ್ನುಂಟುಮಾಡುತ್ತದೆ, ಮಕ್ಕಳ ಮಿದುಳಿನ ಬೆಳವಣಿಗೆಗೂ ಗರ್ಭದ ಶಿಶುವಿಗೂ ಹಾನಿಕರ. ನಿರಪಾಯವೆನ್ನಬಹುದಾದ ಯಾವುದೇ ಪ್ರಮಾಣ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಆದುದರಿಂದ ಇಂತಹ ಪಾತ್ರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಊಟಕ್ಕಾಗಲಿ ಅಡುಗೆಗಾಗಲಿ ಬಳಸಬಾರದು. ಇಕ್ಕಟ್ಟಾದ ನಮ್ಮ ಮನೆಗಳಲ್ಲೂ ಗೋಡೆಗೊಂದು ತಟ್ಟೆ, ಹೂವಿಗೊಂದು ಹೂಜಿ ಶೋಭೆ ತರುತ್ತವೆ. ಉಪ್ಪಿನಕಾಯಿಗೆ ಗಾಜಿನ ಭರಣಿ, ಊಟಕ್ಕೆ ಸ್ಟೀಲ್ ತಟ್ಟೆ ಇರಲಿ. ಹಳೆಯದರ ಅಂದವನ್ನು ಕಣ್ಣು ಸವಿಯಲಿ, ನಾಲಗೆಗೆ ಅದು ಬೇಡ.