ಬೆಂಕಿಯ ಬೆಟ್ಟಗಳೂ ನಮ್ಮ ಮಳೆಯೂ

ಮಕ್ಕಳೇ, ವಯನಾಡು ಜಿಲ್ಲೆಯ ಮಾನಂದವಾಡಿಯ ಹೆಸರನ್ನು ನೀವು ಕೇಳಿರಬಹುದು. ಕೆಲವರ ಊರೇ ಅದಾಗಿರಬಹುದು. ಸುತ್ತಲೂ ಹಸಿರು ಬೆಟ್ಟಗಳು, ಕಾಫಿ ತೋಟಗಳು, ಕರಿಮೆಣಸಿನ ಬಳ್ಳಿಗಳು, ತಗ್ಗಿನಲ್ಲಿ ಭತ್ತದ ಗದ್ದೆಗಳು. ಮಾನಂದವಾಡಿ ಹೊಳೆಯೂ ಪನಮರಂ ಹೊಳೆಯೂ ಕೂಡಿ ಕಬಿನಿ ನದಿಯಾಗಿ ಕರ್ನಾಟಕದ ಕಡೆಗೆ ಹರಿಯುತ್ತದೆ. ಇವೆಲ್ಲಕ್ಕೂ ಆಧಾರ ಯಾವುದು? ಜೂನ್ ತಿಂಗಳಲ್ಲಿ ಬರುವ ಮುಂಗಾರು ಮಳೆ.

ಮಳೆ ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ. ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ಕಾರಣ ಬಹಳ ಸೋಜಿಗದ್ದು. ಸಾವಿರಾರು ಕಿಲೋಮೀಟರ್ ದೂರದಲ್ಲಿ ಒಂದು ಜ್ವಾಲಾಮುಖಿ ಸಿಡಿದರೆ ನಮ್ಮ ಮಳೆಯೂ ಏರುಪೇರಾಗಬಹುದು! ಅದು ಹೇಗೆಂದು ತಿಳಿಯೋಣ.

ಜ್ವಾಲಾಮುಖಿ ಎಂದರೇನು?

ಭೂಮಿಯ ಆಳದಲ್ಲಿ ಕೆಲವೆಡೆ ಬಂಡೆಗಳೇ ಕರಗುವಷ್ಟು ಬಿಸಿ ಇರುತ್ತದೆ. ಹೀಗೆ ಕರಗಿದ ಶಿಲೆ, ಬೂದಿ ಮತ್ತು ಅನಿಲಗಳು ಬಿರುಕಿನ ಮೂಲಕ ಹೊರಬರುವ ಜಾಗವೇ ಜ್ವಾಲಾಮುಖಿ. ಭಾರತದಲ್ಲಿ ಈಗಲೂ ಆಗಾಗ ಹೊಗೆಯುಗುಳುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಅದು ಚಿಕ್ಕದು. ಜಗತ್ತಿನ ಹವಾಮಾನವನ್ನು ಬದಲಿಸುವ ಬಲ ಅದಕ್ಕಿಲ್ಲ.

ವಯನಾಡಿನಲ್ಲಿ ಜ್ವಾಲಾಮುಖಿ ಇಲ್ಲ. 2024ರ ಜುಲೈ 30ರಂದು ಮುಂಡಕ್ಕೈ ಮತ್ತು ಚೂರಲ್‌ಮಲ ಎಂಬ ಊರುಗಳನ್ನು ಬಲಿ ತೆಗೆದುಕೊಂಡುದು ಭೂಕುಸಿತ. ಮಲಯಾಳದಲ್ಲಿ ಅದನ್ನು ‘ಉರುಳ್‌ಪೊಟ್ಟಲ್’ ಎನ್ನುತ್ತಾರೆ. ‘ಪೊಟ್ಟಲ್’ ಎಂದರೆ ಒಡೆಯುವುದು. ಆದರೆ ಅಲ್ಲಿ ಬೆಟ್ಟವನ್ನು ಒಡೆದುದು ಬೆಂಕಿಯಲ್ಲ, ನೀರು. ಅತಿಯಾದ ಮಳೆಯಿಂದ ನೆನೆದ ಮಣ್ಣು ಕಲ್ಲುಮರಗಳ ಸಮೇತ ಜಾರಿತು. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಆಕಾಶದಲ್ಲಿ ಒಂದು ಪರದೆ

ಚಳಿಗಾಲದ ಮುಂಜಾನೆ ಮಂಜು ಕವಿದಾಗ ಸೂರ್ಯನು ಮಂಕಾಗಿ ಕಾಣುತ್ತಾನೆ. ಬಿಸಿಲು ಮೈಗೆ ತಾಗುವುದಿಲ್ಲ. ಆದರೆ ಹೊತ್ತೇರಿದಂತೆ ಮಂಜು ಕರಗುತ್ತದೆ. ಎರಡು ವರ್ಷವಾದರೂ ಪೂರ್ತಿ ಕರಗದ ಮಂಜು ಇದ್ದರೆ?

ದೊಡ್ಡ ಜ್ವಾಲಾಮುಖಿ ಅಂಥದೇ ಒಂದು ಪರದೆಯನ್ನು ಹೆಣೆಯುತ್ತದೆ. ಅದು ಉಗುಳಿದ ಬೂದಿಯ ಹೆಚ್ಚಿನ ಪಾಲು ಕೆಲವು ದಿನಗಳಲ್ಲಿ ನೆಲಕ್ಕೆ ಬೀಳುತ್ತದೆ. ಆದರೆ ಬೂದಿಯ ಜೊತೆಗೆ ಸಲ್ಫರ್ ಡೈ ಆಕ್ಸೈಡ್ ಎಂಬ ಗಂಧಕದ ಅನಿಲವೂ ಹೊರಡುತ್ತದೆ. ವಿಷುವಿನಂದು ಪಟಾಕಿ ಸುಟ್ಟಾಗ ಮೂಗಿಗೆ ಬಡಿಯುವ ಘಾಟಿನಲ್ಲಿ ಈ ಅನಿಲವೂ ಇರುತ್ತದೆ. ಸ್ಫೋಟವು ಜೋರಾಗಿದ್ದರೆ ಅನಿಲವು ಮಳೆಮೋಡಗಳನ್ನೂ ದಾಟಿ ಮೇಲೇರುತ್ತದೆ. ಅಲ್ಲಿ ನೀರಿನ ಆವಿಯೊಡನೆ ಸೇರಿ ಆಮ್ಲದ ಅತಿಸಣ್ಣ ಹನಿಗಳಾಗುತ್ತದೆ. ಅಷ್ಟು ಎತ್ತರದಲ್ಲಿ ಅವನ್ನು ತೊಳೆದು ಹಾಕಲು ಮಳೆಯಿಲ್ಲ. ಗಾಳಿ ಅವನ್ನು ಲೋಕದ ಸುತ್ತ ಹರಡುತ್ತದೆ. ಈ ಹನಿಗಳು ಬಿಸಿಲಿನ ಒಂದಂಶವನ್ನು ಹಿಂದಕ್ಕೆ ಕಳುಹಿಸುತ್ತವೆ. ಭೂಮಿ ತುಸು ತಣ್ಣಗಾಗುತ್ತದೆ.

ಇದಕ್ಕೂ ಮಳೆಗೂ ಏನು ಸಂಬಂಧ? ಬೇಸಗೆಯಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನಿಂದ ತೇವದ ಗಾಳಿ ಬೀಸುತ್ತದೆ. ಅದೇ ಮುಂಗಾರು. ಪರದೆಯಿಂದಾಗಿ ನೆಲ ಸರಿಯಾಗಿ ಕಾಯದಿದ್ದರೆ ಕಡಲಗಾಳಿಯನ್ನು ಸೆಳೆಯುವ ಬಲ ಕುಗ್ಗುತ್ತದೆ. ಮಳೆಯೂ ಸೊರಗುತ್ತದೆ.

ಲೆಕ್ಕ ಇಟ್ಟವರು ಯಾರು?

ಸ್ಫೋಟಗಳನ್ನು ಅಳೆಯಲು ವಿಜ್ಞಾನಿಗಳು 1982ರಲ್ಲಿ ಒಂದು ಅಳತೆಯನ್ನು ರೂಪಿಸಿದರು. ಅದರಲ್ಲಿ 0ಯಿಂದ 8ರವರೆಗೆ ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲುಗಳಲ್ಲಿ ಒಂದೊಂದು ಏರಿದಾಗಲೂ ಹೊರಬಿದ್ದ ವಸ್ತು ಸುಮಾರು ಹತ್ತು ಪಟ್ಟಾಗುತ್ತದೆ.

ಯಾರೂ ಬರೆದಿಡದ ಸ್ಫೋಟಗಳನ್ನು ಪತ್ತೆ ಮಾಡುವುದು ಹೇಗೆ? ಕಡಿದ ತೇಗದ ಮರದ ಬುಡದಲ್ಲಿ ಉಂಗುರಗಳನ್ನು ನೋಡಿದ್ದೀರಾ? ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಟಿಕಾದಲ್ಲಿ ಹಿಮವೂ ಹಾಗೆಯೇ ವರ್ಷಕ್ಕೊಂದು ಪದರವಾಗಿ ಕೂಡುತ್ತದೆ. ಆಕಾಶದ ಆಮ್ಲದ ಹನಿಗಳು ಕೊನೆಗೆ ಆ ಹಿಮದಲ್ಲಿಯೂ ಬೀಳುತ್ತವೆ. ವಿಜ್ಞಾನಿಗಳು ಹಿಮವನ್ನು ಕೊರೆದು ಉದ್ದನೆಯ ಕಂಬದಂತೆ ಹೊರತೆಗೆಯುತ್ತಾರೆ. ಪದರಗಳನ್ನು ಎಣಿಸಿ, ಯಾವ ವರ್ಷದ ಹಿಮದಲ್ಲಿ ಆಮ್ಲ ಹೆಚ್ಚೆಂದು ನೋಡುತ್ತಾರೆ. ಹೀಗೆ ತಯಾರಾದ ಪಟ್ಟಿಯಿಂದ ಕೆಲವನ್ನು ಇಲ್ಲಿ ಓದಿರಿ.

1. ಟೋಬಾ (ಸುಮಾರು 74,000 ವರ್ಷಗಳ ಹಿಂದೆ): ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಸಿಡಿದ ಇದು 8ನೆಯ ಮೆಟ್ಟಿಲಿನದು. ಬೆಟ್ಟ ಕುಸಿದ ಜಾಗದಲ್ಲಿ ಈಗ ಸುಮಾರು 100 ಕಿಲೋಮೀಟರ್ ಉದ್ದದ ಸರೋವರವಿದೆ. ಇದರ ಬೂದಿ ಭಾರತದಲ್ಲೂ ಬಿತ್ತು. ಆಂಧ್ರಪ್ರದೇಶದ ಜ್ವಾಲಾಪುರಂ ಎಂಬ ಹಳ್ಳಿಯ ಬಳಿ ಆ ಬೂದಿಯ ದಪ್ಪನೆಯ ಪದರವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಲ್ಲಿ ಅಗೆದು ನೋಡಿದರು. ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳು ಸಿಕ್ಕವು. ಅಷ್ಟು ದೊಡ್ಡ ಸ್ಫೋಟದ ನಂತರವೂ ಅಲ್ಲಿ ಮನುಷ್ಯರು ಬದುಕು ಸಾಗಿಸಿದ್ದರು ಎಂದು ಅವರು 2007ರಲ್ಲಿ ಲೋಕಕ್ಕೆ ತಿಳಿಸಿದರು.

2. ಸಮಾಲಸ್ (1257): ಕರ್ನಾಟಕದಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ. ಈ ವರ್ಷದ ಸ್ಫೋಟದ ಗುರುತು ಹಿಮದಲ್ಲಿ ಸಿಕ್ಕಿತ್ತು. ಆದರೆ ಸಿಡಿದ ಬೆಟ್ಟ ಯಾವುದೆಂದು ಬಹುಕಾಲ ಗೊತ್ತಿರಲಿಲ್ಲ. ಅದು ಇಂಡೋನೇಷ್ಯಾದ ಲೊಂಬೊಕ್ ದ್ವೀಪದ್ದೆಂದು 2013ರಲ್ಲಿ ತಿಳಿಯಿತು. ಆ ಬೆಟ್ಟ ಸಿಡಿದ ಕಥೆ ಅಲ್ಲಿನ ಹಳೆಯ ತಾಳೆಗರಿಗಳಲ್ಲಿಯೂ ಇತ್ತು!

3. ಲಾಕಿ (1783): ಐಸ್‌ಲ್ಯಾಂಡಿನಲ್ಲಿ ನೆಲವೇ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಬಿರಿಯಿತು. ಎಂಟು ತಿಂಗಳು ಲಾವಾ ಮತ್ತು ವಿಷಾನಿಲ ಹೊರಬಂದವು. ದನಕುರಿಗಳು ಸತ್ತವು. ಕ್ಷಾಮ ಬಂದು ಆ ದೇಶದ ಐದರಲ್ಲಿ ಒಂದು ಪಾಲು ಜನರು ಮಡಿದರು.

4. ತಂಬೋರಾ (1815): ಮಾನಂದವಾಡಿಯಲ್ಲಿ ಪಳಶ್ಶಿ ರಾಜರ ಸಮಾಧಿಯಿದೆ. ಅವರು ಮಡಿದುದು 1805ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, ಏಪ್ರಿಲ್ ತಿಂಗಳಲ್ಲಿ, ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಸಿಡಿಯಿತು. ಇದು 7ನೆಯ ಮೆಟ್ಟಿಲಿನದು. ಸುಮಾರು 4,300 ಮೀಟರ್ ಎತ್ತರವಿದ್ದ ಬೆಟ್ಟ 2,850 ಮೀಟರಿಗೆ ಇಳಿಯಿತು. ಸುತ್ತಲ ದ್ವೀಪಗಳಲ್ಲಿ ಹತ್ತಾರು ಸಾವಿರ ಜನರು ಸತ್ತರು. ಮರುವರ್ಷ ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಯುರೋಪಿನಲ್ಲಿ ಬೆಳೆ ಕೊಳೆತು ರೊಟ್ಟಿಯ ಬೆಲೆ ಏರಿತು. ಬಂಗಾಳದ ಕಡೆ ಮುಂಗಾರು ಕ್ರಮ ತಪ್ಪಿತು. 1816ನ್ನು ‘ಬೇಸಗೆಯಿಲ್ಲದ ವರ್ಷ’ ಎಂದು ಇಂದಿಗೂ ಕರೆಯುತ್ತಾರೆ. ಹೀಗೇಕಾಯಿತೆಂದು ಅಂದಿನ ರೈತರಿಗೆ ತಿಳಿದಿರಲಿಲ್ಲ.

5. ಕ್ರಕಟೋವಾ (1883): ಆಗಸ್ಟ್ 27ರಂದು ಇದು ಸಿಡಿದ ಸದ್ದು ಸುಮಾರು 4,800 ಕಿಲೋಮೀಟರ್ ದೂರದ ರೊಡ್ರಿಗ್ಸ್ ದ್ವೀಪಕ್ಕೆ ಕೇಳಿಸಿತು. ಕಡಲ ದೈತ್ಯ ಅಲೆಗಳಿಗೆ ಸಿಕ್ಕಿ ಸತ್ತವರೇ ಹೆಚ್ಚು. ಒಟ್ಟು 36,000ಕ್ಕೂ ಮಿಕ್ಕಿದ ಜನರು ಪ್ರಾಣ ಕಳೆದುಕೊಂಡರು. ಮುಂದಿನ ತಿಂಗಳು ಮದರಾಸಿನಲ್ಲಿ ಸೂರ್ಯನು ಹಸಿರಾಗಿ ಕಂಡನು!

6. ಪಿನಾಟುಬೊ (1991): ಫಿಲಿಪ್ಪೀನ್ಸಿನ ಈ ಬೆಟ್ಟ ಜೂನ್ 15ರಂದು ಸಿಡಿಯಿತು. ಮರುವರ್ಷ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಪಟ್ಟಿ ಕಲಿಸುವ ಪಾಠ

ಸ್ಫೋಟದ ಗಾತ್ರವೊಂದೇ ಮುಖ್ಯವಲ್ಲ. ಲಾಕಿಯ ಸಿಡಿತ ದೊಡ್ಡದಲ್ಲ, ಆದರೆ ಅದರಲ್ಲಿ ಗಂಧಕದ ಅನಿಲ ಬಹಳವಿತ್ತು. 2022ರ ಜನವರಿಯಲ್ಲಿ ಟೊಂಗಾ ದೇಶದ ಬಳಿ ಕಡಲೊಳಗೆ ಸಿಡಿದ ಜ್ವಾಲಾಮುಖಿಯ ಸಿಡಿತ ಬಹಳ ದೊಡ್ಡದು. ಆದರೆ ಮೇಲೇರಿದ್ದರಲ್ಲಿ ನೀರಿನ ಆವಿಯೇ ಹೆಚ್ಚಾಗಿತ್ತು. ಆದ್ದರಿಂದ ಭೂಮಿ ಪಿನಾಟುಬೊ ಕಾಲದಂತೆ ತಣ್ಣಗಾಗಲಿಲ್ಲ.

ಹಾಗಾದರೆ ಬಿಸಿಯಾಗುತ್ತಿರುವ ಈ ಭೂಮಿಗೆ ಜ್ವಾಲಾಮುಖಿ ಒಳ್ಳೆಯದೇ ಎಂದು ನೀವು ಕೇಳಬಹುದು. ಅಲ್ಲ. ಅದರ ತಂಪು ಎರಡು ಮೂರು ವರ್ಷದ್ದು. ನಾವು ಸುಡುವ ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಿಂದಾಗುವ ಬಿಸಿ ಬಹುಕಾಲ ಉಳಿಯುತ್ತದೆ.

ಜ್ವಾಲಾಮುಖಿಯನ್ನು ತಡೆಯಲು ನಮ್ಮಿಂದಾಗದು. ಆದರೆ ಅದರ ಲಕ್ಷಣಗಳನ್ನು ಗಮನಿಸಬಹುದು. ಪಿನಾಟುಬೊ ಸಿಡಿಯುವ ಮೊದಲೇ ವಿಜ್ಞಾನಿಗಳು ಎಚ್ಚರಿಸಿದರು. ಹತ್ತಾರು ಸಾವಿರ ಜನರು ಊರು ಬಿಟ್ಟು ಜೀವ ಉಳಿಸಿಕೊಂಡರು. ತಂಬೋರಾದಂಥ ಬೆಟ್ಟ ಮುಂದೆಂದಾದರೂ ಸಿಡಿದರೆ, ಮರುವರ್ಷದ ಮಳೆ ತಪ್ಪಬಹುದೆಂದು ಈಗ ನಮಗೆ ಮೊದಲೇ ಗೊತ್ತಿರುತ್ತದೆ. ಕಾಳನ್ನು ಕೂಡಿಡಬಹುದು. ನೀರನ್ನು ಹಿಡಿದಿಡಬಹುದು. ಅಂದಿನ ರೈತರಿಗೆ ಇಲ್ಲದ ಅರಿವು ಇಂದು ನಮಗಿದೆ.

ಅಭ್ಯಾಸ

1. ಬೂದಿ ಬೇಗ ಕೆಳಗೆ ಬೀಳುತ್ತದೆ. ಆಮ್ಲದ ಹನಿಗಳು ಏಕೆ ಬೀಳುವುದಿಲ್ಲ?
2. ಭೂಕುಸಿತಕ್ಕೂ ಜ್ವಾಲಾಮುಖಿಗೂ ಇರುವ ವ್ಯತ್ಯಾಸವನ್ನು ಬರೆಯಿರಿ.
3. ಜ್ವಾಲಾಪುರಂನಲ್ಲಿ ಬೂದಿಯ ಮೇಲೂ ಕೆಳಗೂ ಸಿಕ್ಕ ಆಯುಧಗಳು ಏನನ್ನು ತಿಳಿಸುತ್ತವೆ?
4. ಚಟುವಟಿಕೆ: ಶಾಲೆಯ ಅಂಗಳದಲ್ಲಿ ನೇರ ಬದಿಗಳ ಒಂದು ಡಬ್ಬವನ್ನಿಟ್ಟು ಪ್ರತಿದಿನದ ಮಳೆಯನ್ನು ಅಳತೆಪಟ್ಟಿಯಿಂದ ಅಳೆದು ಬರೆಯಿರಿ. ಮುಂದಿನ ವರ್ಷದ ಲೆಕ್ಕದೊಡನೆ ಹೋಲಿಸಿರಿ.