ಗುಂಡಿ ಮುಚ್ಚುವ ಮುಂಚೆ ಮಣ್ಣು ಹೋದ ದಾರಿ ಹುಡುಕಿ

ಬೈಲಹೊಂಗಲ, ಸವದತ್ತಿ ಕಡೆಯ ಎರಿ ನೆಲ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಜೋಳ, ಕಡಲೆಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ರಸ್ತೆ ಅಡಿ ಹೂತ ಮಳೆನೀರಿನ ಸಿಮೆಂಟ್ ಪೈಪಿಗೆ. ನೆಲ ಏರಿಳಿದಂತೆಲ್ಲ ಪೈಪುಗಳೂ ಅಲುಗಾಡಿ ಜಾಯಿಂಟಿನ ಗಾರೆ ಸಡಿಲಾಗುತ್ತದೆ. ಜೋರು ಮಳೆಯಲ್ಲಿ ನೀರು ಆ ಸಂದಿಯಿಂದ ಹೊರಗೆ ನುಗ್ಗುತ್ತದೆ. ಹರಿವು ಇಳಿದಾಗ ಸುತ್ತಲಿನ ಮಣ್ಣನ್ನು ಎಳೆದುಕೊಂಡು ಒಳಗೆ ಬರುತ್ತದೆ. ಹರಿದ ಚೀಲದ ಮೂಲೆಯಿಂದ ಕಾಳು ಸೋರಿದಂತೆ ಅಡಿಯ ಮಣ್ಣು ಖಾಲಿಯಾಗಿ, ಮೇಲೆ ಡಾಂಬರಿನ ಹೊದಿಕೆ ಮಾತ್ರ ಉಳಿಯುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದ ದಿನ ಅದೂ ಕುಸಿಯುತ್ತದೆ.

ಅಂಥ ಗುಂಡಿಗೆ ಒಂದೆರಡು ಟಿಪ್ಪರ್ ಗರಸು ಸುರಿದು ಕೈತೊಳೆದುಕೊಳ್ಳುವ ರೂಢಿ ಎಲ್ಲೆಡೆ ಇದೆ. ಮುಂದಿನ ಮಳೆಗೆ ಆ ಗರಸೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಬ್ಯಾರಿಕೇಡ್. ಕಾಣುವ ಬಾಯಿಗಿಂತ ಒಳಗಿನ ಪೊಳ್ಳು ದೊಡ್ಡದಿರುತ್ತದೆ. ದೂರದಿಂದ ಹಾರೆ ಕುಟ್ಟುತ್ತ ಬಂದರೆ ಸದ್ದು ಬದಲಾಗುವಲ್ಲಿ ಪೊಳ್ಳು ಶುರುವಾಗಿದೆ ಎಂದರ್ಥ. ಆಮೇಲೆ ರಸ್ತೆ ಯಾರದು ಎಂಬುದು ಇತ್ಯರ್ಥವಾಗಬೇಕು. ಊರೊಳಗಿನ ಓಣಿ ಪುರಸಭೆಯದು, ಕಿತ್ತೂರಿನಲ್ಲಾದರೆ ಪಟ್ಟಣ ಪಂಚಾಯಿತಿಯದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಹೆಸ್ಕಾಂ ಕೇಬಲ್, ಕುಡಿಯುವ ನೀರಿನ ಪೈಪು ಎಲ್ಲಿವೆ ಎಂದು ಕೇಳದೆ ಜೆಸಿಬಿ ಇಳಿಸಿದರೆ ಒಂದು ರಿಪೇರಿ ಮೂರಾಗುತ್ತದೆ.

ಪೈಪು ಎಲ್ಲಿ ಒಡೆದಿದೆ ಎಂದು ನೋಡಲು ಹಳೆಯ, ಅಗ್ಗದ ಉಪಾಯವೊಂದಿದೆ. ಮೇಲಿನ ಚೇಂಬರಿಗೆ ಬ್ಯಾಟರಿ ಬೆಳಕು ಇಳಿಬಿಟ್ಟು, ಕೆಳಗಿನ ಚೇಂಬರಿನಲ್ಲಿ ಕೋಲಿಗೆ ಕಟ್ಟಿದ ಕನ್ನಡಿ ಓರೆ ಹಿಡಿಯಬೇಕು. ಬೆಳಕು ಪೂರ್ತಿ ದುಂಡಗೆ ಕಂಡರೆ ಪೈಪಿನ ಸಾಲು ನೆಟ್ಟಗಿದೆ. ಅರ್ಧಚಂದ್ರದಂತೆ ಕಂಡರೆ ಎಲ್ಲೋ ಪೈಪು ಕೂತಿದೆ ಅಥವಾ ಹೂಳು ತುಂಬಿದೆ. ಇದಕ್ಕಾಗಿ ಯಾರನ್ನೂ ಒಳಗೆ ಇಳಿಸಬೇಕಿಲ್ಲ, ಇಳಿಸಲೂಬಾರದು. ಮಳೆನೀರಿನ ಗಟಾರಕ್ಕೆ ಶೌಚದ ನೀರು ಸೇರುವುದು ಮಾಮೂಲು. ಅಲ್ಲಿ ಕಟ್ಟುವ ವಿಷಾನಿಲ ಜೀವ ತೆಗೆಯುತ್ತದೆ. ರಕ್ಷಣೆಯಿಲ್ಲದೆ ಒಳಚರಂಡಿಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ.

ಅಗೆಯುವ ಮುಂಚೆ ನೀರನ್ನು ಬೇರೆ ದಾರಿಗೆ ಹಚ್ಚಬೇಕು: ಮೇಲಿನ ಚೇಂಬರಿನಲ್ಲಿ ಉಸುಕಿನ ಚೀಲ ಒಡ್ಡಿ, ಪಂಪಿನಿಂದ ಕೆಳಗಿನ ಚೇಂಬರಿಗೆ ದಾಟಿಸುವುದು. ರಾಮದುರ್ಗದಲ್ಲಿ ಇನ್ನೊಂದು ಫಜೀತಿ. ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು ಮಲಪ್ರಭೆ ಏರಿದರೆ ಹೊಳೆಗೆ ಬೀಳುವ ಗಟಾರದ ಬಾಯಿಯೇ ಮುಳುಗಿ ನೀರು ಊರ ಕಡೆ ತಿರುಗುತ್ತದೆ. 2019ರ ಆಗಸ್ಟ್ ನೆರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆ ಇಳಿಯುವವರೆಗೆ ಅಲ್ಲಿ ಕೆಳಗಿನ ಬಾಯಿಯನ್ನೂ ಕಟ್ಟಬೇಕು.

ಹಸಿ ಎರಿ ಮಣ್ಣಿನ ಗೋಡೆ ಗಟ್ಟಿಯಾಗಿ ನಿಂತಂತೆ ಕಂಡು ಒಮ್ಮೆಲೇ ಜರಿಯುತ್ತದೆ. ಒಂದೂವರೆ ಮೀಟರಿಗಿಂತ ಆಳ ಹೋದರೆ ಎರಡೂ ಬದಿ ಹಲಗೆ ಕೊಟ್ಟು ಅಡ್ಡ ಆನಿಕೆ ಹಾಕಲೇಬೇಕು. ತೆಗೆದ ಮಣ್ಣು ಅಂಚಿನಿಂದ ದೂರವಿರಲಿ. ಪೈಪಿನ ನೆತ್ತಿ ಸಮೀಪಿಸಿದ ಮೇಲೆ ಜೆಸಿಬಿ ಬಿಟ್ಟು ಸಲಿಕೆ ಹಿಡಿಯುವುದು ಲೇಸು.

ಜಾಯಿಂಟು ಮಾತ್ರ ಬಿಟ್ಟಿದ್ದರೆ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಿದರೆ ಸಾಕು. ಪೈಪೇ ಒಡೆದಿದ್ದರೆ ಬದಲಿಸಬೇಕು. ಸಾಲಿನ ನಡುವೆ ಒಂದನ್ನೇ ಕೂರಿಸುವಾಗ ಬಾಯಿಯೊಳಗೆ ಬಾಯಿ ಸೇರಿಸಲು ಜಾಗವಿರುವುದಿಲ್ಲ. ಅಲ್ಲೂ ಎರಡು ತುದಿಗೆ ಪಟ್ಟಿಯೇ ಗತಿ. ವಾಹನ ಓಡುವಲ್ಲಿ ಎನ್‌ಪಿ3 ಇಲ್ಲವೇ ಎನ್‌ಪಿ4 ದರ್ಜೆಯ ಪೈಪು ಬೇಕು. ಎನ್‌ಪಿ2 ಅಗ್ಗವೆಂದು ತಂದರೆ ಭಾರಕ್ಕೆ ಬಿರಿಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಮುಚ್ಚುವಾಗ. ತೆಗೆದ ಎರಿ ಮಣ್ಣನ್ನೇ ಮರಳಿ ತುಂಬಬಾರದು. ಗರಸನ್ನು ಗೇಣುದ್ದಕ್ಕಿಂತ ಕಡಿಮೆ ಪದರದಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ಕುಟ್ಟಬೇಕು. ಪೈಪಿನ ಪಕ್ಕೆಗಳಡಿ ಕೈಯಿಂದಲೇ ಗಿಡಿಯಬೇಕು. ಪೊಳ್ಳು ಉಳಿಯುವುದು ಅಲ್ಲಿಯೇ. ಪೂರ್ತಿ ಮುಚ್ಚುವ ಮುಂಚೆ ಮೇಲಿನ ಚೇಂಬರಿಗೆ ಒಂದು ಟ್ಯಾಂಕರ್ ನೀರು ಬಿಟ್ಟು ಜಾಯಿಂಟು ಒಣಗಿಯೇ ಇದೆಯೇ ನೋಡಿ.

ಮಳೆಗಾಲದ ರಿಪೇರಿಗೆ ಅಂದೇ ಡಾಂಬರು ಬೇಡ. ಖಡಿ ಹಾಕಿ ಸಂಚಾರ ಬಿಟ್ಟು, ಕುಗ್ಗಿದಷ್ಟನ್ನು ತುಂಬುತ್ತ ಹೋಗುವುದು ಸರಿ. ಸವದತ್ತಿಯಲ್ಲಿ ಮಾತ್ರ ಗಡುವು ಹುಣ್ಣಿಮೆಗಳದ್ದು: ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಸ್ಸು, ಚಕ್ಕಡಿಗಳ ಸಾಲು ಶುರುವಾಗುವ ಮುಂಚೆ ಡಾಂಬರು ಬಿದ್ದಿರಬೇಕು.