ಆಸ್ಪತ್ರೆಯ ಗೇಟು ದಾಟಿದ ಮೇಲೆ ಯಾರ ಹೊಣೆ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಧಾರವಾಡದ ಡಿಮ್ಹಾನ್ಸ್‌ನಲ್ಲೋ ಮಾನಸಿಕ ಕಾಯಿಲೆಗಾಗಿ ತನ್ನ ಒಪ್ಪಿಗೆಯಿಲ್ಲದೆ ದಾಖಲಾಗಿದ್ದ ವ್ಯಕ್ತಿ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂಥ ಊರಿಗೆ ಮರಳಿದ ಎನ್ನಿ. ಮಾತ್ರೆ ಬಿಟ್ಟರೆ ಪೊಲೀಸರು ಬಂದು ವಾಪಸ್ ಕರೆದೊಯ್ಯುತ್ತಾರಾ, ಠಾಣೆಗೆ ಹೋಗಿ ಸಹಿ ಹಾಕಬೇಕಾ ಎಂಬ ಅನುಮಾನ ಮನೆಯವರಿಗೆ ಬರುವುದು ಸಹಜ. ಎರಡಕ್ಕೂ ಉತ್ತರ ‘ಇಲ್ಲ’ ಎಂದೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಷರತ್ತು ಹಾಕಿ ಬಿಡುಗಡೆ ಮಾಡಿ, ಷರತ್ತು ಮುರಿದರೆ ಮತ್ತೆ ಆಸ್ಪತ್ರೆಗೆ ಕರೆತರುವ ಪದ್ಧತಿ ಉಂಟು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಮನೆಯಲ್ಲಿರುವವರಿಗೆ ಬಲವಂತವಾಗಿ ಔಷಧ ಕೊಡಿಸುವ ಆದೇಶಕ್ಕೆ ಜಾಗವೇ ಇಲ್ಲ. ಕಾಗದದಲ್ಲಿ ಬಿಡುಗಡೆ ಪೂರ್ತಿ ಬಿಡುಗಡೆ. ಔಷಧ ನುಂಗಿಸುವುದು, ತಪಾಸಣೆಗೆ ಕರೆದೊಯ್ಯುವುದು, ಮಾತು ಕೆಟ್ಟರೆ ಸಹಿಸುವುದು ಎಲ್ಲ ಮನೆಯವರ ಪಾಲಿಗೆ ಬರುತ್ತದೆ.

ದಾಖಲಾತಿಯ ನಿಯಮ ಗೊತ್ತಿದ್ದರೆ ಬಿಡುಗಡೆ ಅರ್ಥವಾಗುತ್ತದೆ. ಈ ಕಾಯ್ದೆಯ 89ನೇ ಕಲಮಿನಡಿ ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ, ತನಗೋ ಇತರರಿಗೋ ಅಪಾಯ ಮಾಡುವ ಸ್ಥಿತಿ ಇದೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರ ಎಂದು ಒಪ್ಪಬೇಕು. ಇಷ್ಟಾದರೂ ಗರಿಷ್ಠ ಅವಧಿ 30 ದಿನ. ಅದಕ್ಕಿಂತ ಹೆಚ್ಚು ದಿನ ಬೇಕಾದರೆ 90ನೇ ಕಲಮು: ಇಬ್ಬರು ಮನೋವೈದ್ಯರ ಪರೀಕ್ಷೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ, ಮೊದಲು 90 ದಿನ, ನಂತರ 120, ಆಮೇಲೆ ಪ್ರತಿ ಸಲ 180 ದಿನಗಳವರೆಗೆ. ಬಿಡುಗಡೆಯಾಗಿ ಏಳು ದಿನದೊಳಗೆ ಮತ್ತೆ ಸೇರಿಸಬೇಕಾಗಿ ಬಂದರೂ ಇದೇ ದಾರಿ. ಸ್ಥಿತಿ ಸುಧಾರಿಸಿ ಈ ಕಾರಣಗಳು ಇಲ್ಲವಾದ ಕೂಡಲೇ ಬಿಡಬೇಕು. ಇರಬೇಕೆಂದು ತಾನೇ ಬಯಸಿದರೆ ಸ್ವಇಚ್ಛೆಯ ರೋಗಿಯಾಗಿ ಇರಬಹುದು.

ಷರತ್ತಿನ ಬಿಡುಗಡೆಗೆ ಹತ್ತಿರದ್ದು 91ನೇ ಕಲಮಿನ ರಜೆ. ಒಳರೋಗಿಯಾಗಿರುವಾಗಲೇ ಕೆಲವು ದಿನ ಮನೆಗೆ ಕಳಿಸಲು ವೈದ್ಯರು ಒಪ್ಪಬಹುದು, ಷರತ್ತನ್ನೂ ಹಾಕಬಹುದು. 1987ರ ಹಳೆಯ ಕಾಯ್ದೆಯಲ್ಲಿ ಇಂಥ ರಜೆಗೆ ಸಂಬಂಧಿಕರು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಈ ರಜೆಯನ್ನು ಜನ ಕೇಳಿ ಪಡೆಯುವುದು ಕಡಿಮೆ. ನನ್ನ ಮಟ್ಟಿಗೆ, ಅಂತಿಮ ಬಿಡುಗಡೆಗೆ ಮುನ್ನ ಮನೆಯಲ್ಲಿ ಒಂದು ಸಲ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ನಿಜವಾದ ತೊಡಕು 98ನೇ ಕಲಮಿನ ಸುತ್ತ ಇದೆ. ಬಿಡುವ ಮೊದಲು ವೈದ್ಯರು ರೋಗಿ, ಪ್ರತಿನಿಧಿ, ಜೊತೆಯಲ್ಲಿ ವಾಸಿಸುವವರು ಹಾಗೂ ಮುಂದೆ ನೋಡಿಕೊಳ್ಳುವ ಮನೋವೈದ್ಯರು ಇವರೆಲ್ಲರೊಂದಿಗೆ ಮಾತನಾಡಿ ಚಿಕಿತ್ಸೆಯ ಯೋಜನೆ ರೂಪಿಸಬೇಕು ಎನ್ನುತ್ತದೆ ಅದು. ಮುಂದೆ ನೋಡಿಕೊಳ್ಳುವ ಮನೋವೈದ್ಯರು ಎಂದರೆ ರಾಮಗಿರಿಯವರಿಗೆ ಯಾರು? ಆ ಹೆಸರು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರದಿದ್ದರೆ ಮನೆಯವರು ಮತ್ತೆ ಬೆಂಗಳೂರು ಬಸ್ಸನ್ನೇ ಹತ್ತುತ್ತಾರೆ. ಜಿಲ್ಲಾ ಕೇಂದ್ರ ಚಿತ್ರದುರ್ಗದಿಂದಲೇ ಸುಮಾರು 200 ಕಿಲೋಮೀಟರ್. ಅಡಿಕೆ ಸುಲಿಯುವ ದಿನಗಳಲ್ಲಿ ಎರಡು ಆಳಿನ ಕೂಲಿ ಬಿಟ್ಟು ಎಷ್ಟು ಸಲ ಹೋಗಲು ಆಗುತ್ತದೆ? ಮೂರನೇ ತಿಂಗಳಿಗೆ ‘ಈಗ ಚೆನ್ನಾಗೇ ಇದ್ದಾನಲ್ಲ, ಇನ್ನೇಕೆ’ ಎಂಬ ಮಾತು ಬರುತ್ತದೆ, ಮಾತ್ರೆ ನಿಲ್ಲುತ್ತದೆ.

ಊರಿನ ಹತ್ತಿರವೇ ಚಿಕಿತ್ಸೆ ಪಡೆಯುವ ದಾರಿ ಹೊಸದೇನಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ ಮೊದಲು ಪ್ರಯೋಗಿಸಿದ್ದು ಪಕ್ಕದ ಬಳ್ಳಾರಿಯಲ್ಲೇ, 1980ರ ದಶಕದಲ್ಲಿ. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. 2014ರಿಂದ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಹೊಳಲ್ಕೆರೆಯ ಸರದಿ ಯಾವ ಮಂಗಳವಾರ ಎಂದು ಅಲ್ಲೇ ವಿಚಾರಿಸಬೇಕು. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ತೀವ್ರ ಮಾನಸಿಕ ಕಾಯಿಲೆಯವರನ್ನು ಅವರ ಊರಿನ ಹತ್ತಿರವೇ ವರ್ಷಗಟ್ಟಲೆ ನೋಡಿಕೊಂಡಿದೆ. ಹಾಗಾಗಿ ಡಿಸ್ಚಾರ್ಜ್ ಚೀಟಿ ಕೈಗೆ ಬರುವಾಗಲೇ ಕೇಳಿ: ಔಷಧದ ಕಂಪನಿ ಹೆಸರಲ್ಲ, ಮೂಲ ಹೆಸರು ಮತ್ತು ಪ್ರಮಾಣ ಬರೆಯಿರಿ, ತಿಂಗಳ ಸೂಜಿ ಇದ್ದರೆ ಮುಂದಿನ ದಿನಾಂಕ ಬರೆಯಿರಿ, ರಕ್ತಪರೀಕ್ಷೆ ಯಾವಾಗ ಬರೆಯಿರಿ, ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಒಂದು ಪತ್ರ ಕೊಡಿ. ಕೈ ನಡುಗುವುದು, ಮೈ ಬಿಗಿಯುವುದು ಔಷಧದ ಅಡ್ಡಪರಿಣಾಮ ಇರಬಹುದು, ಪ್ರಮಾಣ ಬದಲಿಸಿದರೆ ಸರಿಹೋಗಬಹುದು ಎಂಬುದನ್ನು ರೋಗಿಗೂ ಹೇಳಿಸಿ. ಮಾತ್ರೆ ಬಿಡುವುದಕ್ಕೆ ಈ ಅಡ್ಡಪರಿಣಾಮವೂ ದೊಡ್ಡ ಕಾರಣ. ಹಟಕ್ಕೆ ಬಿಡುತ್ತಾನೆ ಎಂದು ಬೈಯುವುದರಿಂದ ಏನೂ ಆಗದು.

ಮನೆಯವರೇ ಬೇಡ ಎಂದರೆ? 19ನೇ ಕಲಮಿನ ಪ್ರಕಾರ ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬೆಂಬಲ ಒದಗಿಸುವುದು ಸರ್ಕಾರದ ಕೆಲಸ. ಗುಣವಾದ ಮೇಲೂ ಆಸ್ಪತ್ರೆಗಳಲ್ಲಿ ಉಳಿದವರ ಪುನರ್ವಸತಿಗೆ ಸುಪ್ರೀಂ ಕೋರ್ಟ್ 2017ರಲ್ಲಿ ಗೌರವ್ ಕುಮಾರ್ ಬನ್ಸಲ್ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿದೆ. ಆದರೆ ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ಇರಲು ಬೇಕಾದ ಅರ್ಧದಾರಿಯ ಮನೆಗಳು (ಹಾಫ್ ವೇ ಹೋಂ) ಹೋಬಳಿ ಮಟ್ಟದಲ್ಲಿ ಎಲ್ಲಿವೆ?

ನಿಜವಾದ ಷರತ್ತಿನ ಬಿಡುಗಡೆ ಇರುವುದು ಕ್ರಿಮಿನಲ್ ಪ್ರಕರಣದಲ್ಲಿ. ಕೃತ್ಯದ ಹೊತ್ತಿಗೆ ಮನಸ್ಸು ಸ್ವಾಧೀನದಲ್ಲಿರಲಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಡಿ ಖುಲಾಸೆಯಾದರೂ ಆ ವ್ಯಕ್ತಿ ನೇರ ಮನೆಗೆ ಬರುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 374ನೇ ಕಲಮಿನ ಪ್ರಕಾರ, ಸರಿಯಾಗಿ ನೋಡಿಕೊಳ್ಳುತ್ತೇವೆ, ಅಪಾಯವಾಗದಂತೆ ತಡೆಯುತ್ತೇವೆ, ಹೇಳಿದಾಗ ಅಧಿಕಾರಿಯ ಮುಂದೆ ಹಾಜರುಪಡಿಸುತ್ತೇವೆ ಎಂದು ಸಂಬಂಧಿಕರೋ ಸ್ನೇಹಿತರೋ ಜಾಮೀನು ಕೊಟ್ಟರೆ ಮಾತ್ರ ಕೋರ್ಟ್ ಆ ವ್ಯಕ್ತಿಯನ್ನು ಅವರಿಗೆ ಒಪ್ಪಿಸಬಹುದು. 1958ರ ಪ್ರೊಬೇಷನ್ ಕಾಯ್ದೆ ಬೇರೆ. ಅದು ತಪ್ಪಿತಸ್ಥರೆಂದು ತೀರ್ಮಾನವಾದವರಿಗೆ. ಈ ಎರಡನ್ನು ವಕೀಲರೂ ಕೆಲವೊಮ್ಮೆ ಬೆರೆಸಿ ಮಾತನಾಡುತ್ತಾರೆ.

ಮನೆಗೆ ಬಂದವರ ಸ್ಥಿತಿ ಮತ್ತೆ ಕೆಟ್ಟರೆ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ಟೆಲಿ-ಮಾನಸ್‌ಗೆ ಕರೆ ಮಾಡಿ, ಕರೆಗೆ ದುಡ್ಡಿಲ್ಲ. ಪ್ರಾಣಕ್ಕೆ ಅಪಾಯ ಎನಿಸಿದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಕಲಮಿನಡಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಒಳಗಿರುವ ರೋಗಿಗೆ ದಾಖಲಾತಿಯೇ ಅನ್ಯಾಯ ಎನಿಸಿದರೆ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ಬರೆಯಲು ನೆರವು ಬೇಕಿದ್ದರೆ ಚಿತ್ರದುರ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು.